ಕದಿರಮ್ಮಜ್ಜಿ ಕೊಂಡ ಮಕ್ಕಳು

ಅವಲಪಲ್ಲಿ, ಹೊಸೂರು
22 ಜೂನ್ 2025

ಚಿರಂಜೀವಿ ಸುಷ್ಮಾಳಿಗೆ ನಿನ್ನ ಅಮ್ಮನ ತುಂಬು ಆಶೀರ್ವಾದ.

ನಾವೆಲ್ಲ ಇಲ್ಲಿ ಉಂಡುಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು ಚೆನ್ನಾಗಿಯೇ ಇದ್ದೇವೆ. ನೀನು ಕೊಯಮತ್ತೂರಿನ ಹಾಸ್ಟೆಲ್ ಊಟ ಉಂಡೂ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ಹೋದ ಭಾನುವಾರವೇ ಬರೆಯುತ್ತೇನೆ ಅಂದಿದ್ದೆ, ಬರೆಯಲಿಲ್ಲ. ಬೈಯಬೇಡ. ಬರೆಯಲು ಕೂತಾಗಲೆಲ್ಲ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ನಮ್ಮನೆ ಪಾತ್ರೆ ಇಷ್ಟು ಫಳಫಳ ಹೊಳೆದದ್ದು ಇದೇ ಮೊದಲು ಎಂದು ನಿಮ್ಮಪ್ಪ ಅಂದರು. ಅವರಿಗೆ ತಮಾಷೆ.

ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಾದರೆ ನೀನು, "ಅಮ್ಮ, ಮದ್ವೆ ಆಗುತ್ತಾ ಇಲ್ವಾ, ಅಷ್ಟು ಹೇಳು" ಅನ್ನುತ್ತೀಯ. ಈ ಕಡೆ ನಮ್ಮಮ್ಮ, ಅಂದರೆ ನಿನ್ನ ಪಿಳ್ಳಮ್ಮಜ್ಜಿ, ಪಕ್ಕದಲ್ಲೇ ಕೂತು ಕಿವಿ ನಿಮಿರಿಸಿಕೊಂಡಿರುತ್ತಾಳೆ. ಅವಳೆದುರು ಆಡಲಾಗದ ಮಾತು ಇದರಲ್ಲಿದೆ. ನಿನ್ನ ಕನ್ನಡ ಐದನೇ ಕ್ಲಾಸಿಗೇ ನಿಂತುಹೋಯಿತು, ಗೊತ್ತು. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದು. ಕೊನೆಯ ಹಾಳೆಗೆ ಹಾರಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಅವತ್ತು ಹರಿಕೃಷ್ಣನ ಮನೆಯವರು ನಿನ್ನನ್ನು ನೋಡಲು ಬಂದಾಗ ನೀನು ಒಳಗೆ ಕಾಫಿ ಲೋಟ ಜೋಡಿಸುತ್ತಿದ್ದೆ. ಹೊರಗೆ ಆದದ್ದರಲ್ಲಿ ಅರ್ಧ ಮಾತ್ರ ನಿನಗೆ ಗೊತ್ತು. ಹರಿಕೃಷ್ಣನ ತಾಯಿ ಚಂದ್ರಲೇಖಾ ನನ್ನ ಜೊತೆ ಸೀರೆ ವಿಷಯ ಮಾತಾಡುತ್ತಿದ್ದಳು. ಅವಳ ತಾಯಿ ವರಲಕ್ಷ್ಮಮ್ಮನವರು ಗೋಡೆಯ ಮೇಲಿನ ಫೋಟೋ ನೋಡುತ್ತಾ, "ಇದ್ಯಾರಮ್ಮ?" ಅಂದರು. "ನಮ್ಮಜ್ಜಿ ಕದಿರಮ್ಮ, ಬೇರಿಕೆ ಕಡೆ ಸೂಲಗಿತ್ತಿಯಾಗಿದ್ದಳು" ಅಂದೆ. ಅವರು ಎದ್ದು ಹೋಗಿ ಫೋಟೋದ ಗದ್ದದ ಮೇಲೆ ಬೆರಳಿಟ್ಟರು. "ಗದ್ದದ ಮ್ಯಾಲೆ ಚೇಳಿನ ಹಚ್ಚೆ! ನಮ್ಮಮ್ಮ ಸಾಯೋಗಂಟ ಹೇಳ್ತಿದ್ಲು. ಇವಳೇ ಕಣೇ ಚಂದ್ರಾ, ನನ್ನ ಕೊಂಡ್ಕೊಂಡ ಅವ್ವ!" ಅನ್ನುತ್ತಾ ಗೋಡೆಗೇ ಅಡ್ಡಬಿದ್ದರು. ನನಗೆ ಕಣ್ಣಲ್ಲಿ ನೀರು ಬಂತು, ಎಂಥ ಒಳ್ಳೆ ಶಕುನ ಅಂದುಕೊಂಡೆ. ಎದ್ದು ಕೂತವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಅವರದೇ ಮುಖ ಬಾಡಿತು. "ಹಂಗಾದ್ರೆ ಪಿಳ್ಳಮ್ಮ ನನಗೆ ತಂಗಿಯಾದ್ಲು. ನೀವಿಬ್ರೂ ಅಕ್ಕತಂಗೀರಾದ್ರಿ. ಅಕ್ಕತಂಗೀರ ಮಕ್ಳಿಗೆ ಯಾವೂರಲ್ಲಮ್ಮ ಮದ್ವೆ ಮಾಡ್ತಾರೆ? ಅಣ್ಣತಂಗಿ ವರಸೆ!" ಅಂದರು. ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು.

ನೀನು ಆಮೇಲೆ ಅತ್ತುಕೊಂಡು, "ಯಾರೋ ಯಾರನ್ನೋ ಕೊಂಡರೆ ನನ್ನ ಮದ್ವೆ ಯಾಕಮ್ಮ ನಿಲ್ಬೇಕು?" ಅಂದೆಯಲ್ಲ, ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ಗೊತ್ತು. ಹಿಂದೆ ಯಾವ ಮನೆಯಲ್ಲಿ ಕೂಸುಗಳು ನಿಲ್ಲದೆ ಒಂದರ ಹಿಂದೊಂದು ಹೋಗುತ್ತಿದ್ದವೋ ಆ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ತೌಡು ಹರಡಿ ಅದರ ಮೇಲೆ ಮಲಗಿಸುತ್ತಿದ್ದರು. ಸೂಲಗಿತ್ತಿ ಬೀದಿಗೆ ಹೋಗಿ ಬಾಗಿಲಲ್ಲಿ ನಿಂತು, "ಮಾರೋ ಕೂಸು ಐತಾ?" ಎಂದು ಕೂಗಬೇಕು. ಒಂದು ಹಿಡಿ ತೌಡು ಕೊಟ್ಟು ಮೊರದ ಸಮೇತ ಕೊಂಡು, ಮನೆ ಸುತ್ತಿ ಹಿತ್ತಲ ಬಾಗಿಲಿಂದ ಒಳಗೆ ತಂದು, "ನನ್ನ ಕೂಸು, ನೀನು ಹಾಲು ಕೊಟ್ಟು ಸಾಕು" ಎಂದು ಹೆತ್ತವಳ ಕೈಗೇ ಕೊಡಬೇಕು. ಸಾವು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ಅವರ ಮಗು ಎಂಬುದೇ ಇಲ್ಲ! ಮಗು ಗಟ್ಟಿಯಾದ ಮೇಲೆ, ಮುಡಿ ತೆಗೆಸುವ ದಿನ, ಹೆತ್ತವರು ಮೊರ ತುಂಬ ರಾಗಿ, ಒಂದು ಸೀರೆ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಸೂಲಗಿತ್ತಿ ಸೆರಗೊಡ್ಡಿ ಆ ರಾಗಿ ಈಸಿಕೊಂಡರೆ ಋಣ ಹರಿಯಿತು. ಬಿಡಿಸಿಕೊಳ್ಳದಿದ್ದರೆ ಮಗು ಅವಳದೇ, ವರಸೆಯೂ ಅವಳ ಕಡೆಯಿಂದಲೇ.

ವರಲಕ್ಷ್ಮಮ್ಮನವರನ್ನು ಬಿಡಿಸಿಕೊಂಡಿದ್ದರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಹೆತ್ತವರು ಹೋಗಿ ಎಷ್ಟೋ ಕಾಲವಾಯಿತು. "ಕಣ್ಣಾರೆ ಕಂಡೋರು ಒಬ್ರು ಹೇಳ್ಲಿ, ನಾಳೆನೇ ತಾಂಬೂಲ ಬದಲಾಯಿಸ್ತೀನಿ. ಇಲ್ದಿದ್ರೆ ಬ್ಯಾಡಮ್ಮ, ಪಾಪ ಸುತ್ತಿಕೊಳ್ತದೆ" ಎಂದು ಹೇಳಿ ಕಳಿಸಿದರು. ಅದಕ್ಕೇ ಮಗಳೇ ನಾವು ಹೊರಟದ್ದು. ಕದಿರಮ್ಮಜ್ಜಿ ಎಲ್ಲೆಲ್ಲಿ ದುಡಿದಳು, ಯಾವ ಮಕ್ಕಳನ್ನು ಕೊಂಡಳು, ಯಾರನ್ನು ಬಿಟ್ಟುಕೊಟ್ಟಳು ಎಂದು ಊರೂರು ಕೇಳಲು.

ನಿನ್ನ ಮಾದೇಶ್ ಮಾವ ಗುಲಾಬಿ ಸಾಗಿಸುವ ಓಮ್ನಿಯನ್ನು ತೊಳೆದು ತಂದ. ತೊಳೆದರೂ ಒಳಗೆಲ್ಲ ಹೂವಿನ ಎಸಳು. ನಾವಿಬ್ಬರೇ ಹೋಗೋಣ ಅಂದರೆ ಅಮ್ಮ ಎಲೆಅಡಿಕೆ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದಳು. "ಎಲ್ಲಿಂದಲೋ ಬಂದೋಳು ನಮ್ಮವ್ವನ್ನ ಅವ್ವ ಅಂತಾಳಾ? ನಮ್ಮವ್ವ ನನಗೊಬ್ಬಳಿಗೇ. ಹೊಟ್ಟೇಲಿ ಹುಟ್ಟಿದೋಳು ನಾನೊಬ್ಬಳೇ. ನಾನೇ ಕೇಳ್ತೀನಿ ನಡೀಲಾ" ಅಂದಳು. ಮಾದೇಶ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅಮ್ಮನ ವಯಸ್ಸಿಗೆ ಈ ಹೊಟ್ಟೆಕಿಚ್ಚು ನೋಡಿ ನಮಗೆ ನಗು.

ಮೊದಲು ಬೇರಿಕೆ. ಅಜ್ಜಿಯ ನೆರೆಮನೆಯ ಮುನಿಶಾಮಣ್ಣ ಇನ್ನೂ ಗಟ್ಟಿಯಾಗಿದ್ದಾನೆ. ಅವನ ಐದು ಮಕ್ಕಳೂ ಅಜ್ಜಿಯ ಕೈಯಲ್ಲೇ ಹುಟ್ಟಿದವು. ಹೊಟ್ಟೆ ಮುಟ್ಟಿ ನೋಡಿ ಇನ್ನೂ ಹೊತ್ತಿದೆ ಎಂದು ಕಂಡರೆ ಅಲ್ಲೇ ಕೂತು ಆ ಮನೆಯ ಕಾಳು ಹಸನು ಮಾಡಿಕೊಡುತ್ತಿದ್ದಳಂತೆ. ಬಾಣಂತಿಗೆ ತಾನೇ ಎಣ್ಣೆ ಒತ್ತಿ ನೀರು ಹಾಕುತ್ತಿದ್ದಳಂತೆ. ತಮಿಳರ ಮನೆಯಲ್ಲಿ ಅವಳು ಮರುತ್ತುವಚ್ಚಿ, ತೆಲುಗರ ಮನೆಯಲ್ಲಿ ಮಂತ್ರಸಾನಿ, ನಮ್ಮಲ್ಲಿ ಸೂಲಗಿತ್ತಿ. ನೋವು ತಿನ್ನುವವಳನ್ನು ಯಾವ ಭಾಷೆಯಲ್ಲಿ ಬೈದರೆ ಕೂಸು ಬೇಗ ಬರುತ್ತದೆ ಎಂದು ಅವಳಿಗೇ ಗೊತ್ತು ಎಂದು ಮುನಿಶಾಮಣ್ಣ ನಕ್ಕ. ಮೊರದ ಮಾತು ಎತ್ತಿದ್ದೇ ನಗು ನಿಲ್ಲಿಸಿದ.

"ಮೊರನಾ? ಅದೊಂದು ಮಾತ್ರ ಆಯಮ್ಮನ ಹತ್ರ ಎತ್ತಂಗಿರ್ಲಿಲ್ಲ ಕಣಮ್ಮ. ನಮ್ಮಣ್ಣನ ಹೆಂಡ್ತಿಗೆ ಎರಡು ಕೂಸು ಹೋಗಿತ್ತು. ಕಾಲು ಹಿಡ್ಕೊಂಡ್ಲು, ನನ್ನ ಕೂಸು ಕೊಂಡ್ಕೋ ಅಂತ. ನಾನು ಮೊರ ಮುಟ್ಟಕ್ಕಿಲ್ಲ, ಬೇರೆಯೋರನ್ನ ಕರ್ಕಳಿ ಅಂದ್ಬುಟ್ಟು ಎದ್ದೋದ್ಲು" ಅಂದ.

ಅಮ್ಮ ಗೆದ್ದವಳ ಹಾಗೆ ನನ್ನ ಕಡೆ ತಿರುಗಿ, "ಕೇಳುದ್ಯಾ? ನಮ್ಮವ್ವ ಯಾರನ್ನೂ ಕೊಂಡಿಲ್ಲ. ಆ ವರಲಕ್ಷ್ಮಿ ಸುಳ್ಳು ಹೇಳ್ತಾಳೆ" ಅಂದಳು. ಹಾಗಾದರೆ ಆ ಚೇಳಿನ ಹಚ್ಚೆ? ಒಂದೇ ಹೆಸರಿನ, ಒಂದೇ ಹಚ್ಚೆಯ ಇಬ್ಬರು ಸೂಲಗಿತ್ತಿಯರಿದ್ದರೇ? ಕೇಳಿದರೆ ಮುನಿಶಾಮಣ್ಣ ಇನ್ನೊಂದು ಹೇಳಿದ. ಅಜ್ಜಿ ಬೇರಿಕೆಯವಳೇ ಅಲ್ಲವಂತೆ. ಗಂಡ ಸತ್ತ ಮೇಲೆ ಕಂಕುಳಲ್ಲಿ ಒಂದು ಕೂಸು ಹೊತ್ತುಕೊಂಡು ರಾಯಕೋಟೆ ಕಡೆಯಿಂದ ನಡೆದು ಬಂದವಳಂತೆ. ಬಂದ ಹೊಸದರಲ್ಲಿ ಯಾರು ಕರೆದರೂ ಹೆರಿಗೆಗೆ ಹೋಗದೆ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳಂತೆ. ನಾನು ಇಷ್ಟು ವರ್ಷ ಬೇರಿಕೆಯೇ ನಮ್ಮ ಮೂಲ ಎಂದು ಕಂಡಕಂಡವರಿಗೆ ಹೇಳಿಕೊಂಡು ಬಂದೆನಲ್ಲೇ! ಅಮ್ಮನನ್ನು ಕೇಳಿದರೆ, "ನನಗೇನೇ ಗೊತ್ತು, ನಾನು ಕಂಕುಳ ಕೂಸು" ಅಂದಳು.

ಶೂಲಗಿರಿಯಲ್ಲಿ ಇಡ್ಲಿ ತಿಂದು, ಉದ್ದನಪಲ್ಲಿ ದಾಟಿ ವರಲಕ್ಷ್ಮಮ್ಮನವರ ತವರೂರಿಗೆ ಹೋದೆವು. ದಾರಿಯುದ್ದಕ್ಕೂ ಮಾವಿನ ಲಾರಿಗಳು. ಇಷ್ಟು ದೂರ ಅಜ್ಜಿ ಕೂಸನ್ನೆತ್ತಿಕೊಂಡು ನಡೆದಳೇ, ಯಾರನ್ನು ಬಿಟ್ಟು, ಯಾರಿಗೆ ಹೆದರಿ ಎಂದು ನನ್ನ ತಲೆ ಒಂದೇ ಸಮ ಗಿರಗಿರ. ಆ ಊರಿನಲ್ಲಿ ಎಲ್ಲರೂ ತೋರಿಸಿದ್ದು ಮುನಿಯಲ್ಲಪ್ಪ ಎಂಬ ಹಿರಿಯರನ್ನು. ಮಾವಿನ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಕೂತಿದ್ದರು. ಕದಿರಮ್ಮ ಎಂಬ ಹೆಸರು ಕಿವಿಗೆ ಬಿದ್ದದ್ದೇ ಕೈ ಮುಗಿದರು.

"ನಮ್ಮವ್ವ ಕಣಮ್ಮ ಆಕೆ. ನಾನೂ ಮೊರದ ಕೂಸೇ" ಅಂದರು.

ಅಮ್ಮನ ಮುಖ ನೋಡಬೇಕಿತ್ತು ನೀನು! ಒಬ್ಬಳನ್ನು ಅಲ್ಲಗಳೆಯಲು ಬಂದರೆ ಇಲ್ಲಿ ಇನ್ನೊಬ್ಬ ಮಗ ಹುಟ್ಟಿಕೊಂಡ. "ಈ ಸೀಮೇಲಿ ನಮ್ಮವ್ವನಿಗೆ ಹುಟ್ಟದೆ ಇರೋರು ಯಾರಾದ್ರೂ ಅವ್ರಾ?" ಎಂದು ಗೊಣಗಿದಳು. ನಾನು ಅವಳ ಕೈ ಅದುಮಿ, "ತಾತ, ನಿಮ್ಮನ್ನ ಬಿಡಿಸ್ಕೊಂಡ್ರಾ?" ಎಂದು ಕೇಳಿದೆ.

"ಬಿಡಿಸ್ಕೊಳ್ದೆ? ಕೊಂಡ ಕೂಸನ್ನ ಕದಿರವ್ವ ಯಾವತ್ತೂ ಇಟ್ಕೊಂಡೋಳಲ್ಲ. ರಾಗಿ ಈಸ್ಕೊಳ್ಳೋವಾಗ ಮಾತ್ರ ಅಳ್ತಿದ್ಲಂತೆ. ಆಕೆಗೆ ತನ್ನದು ಅಂತ ಒಂದೂ ನಿಲ್ಲಲಿಲ್ಲ ನೋಡಮ್ಮ. ಊರಿನ ಕೂಸೆಲ್ಲ ಎತ್ತಿದ ಕೈ, ಮಡಿಲು ಮಾತ್ರ ಬರಿದು."

ಒಂದೂ ನಿಲ್ಲಲಿಲ್ಲ ಅಂದರೇನು? ನಮ್ಮಮ್ಮ ಇಲ್ಲೇ ನಿಂತಿದ್ದಾಳಲ್ಲ! ಮುದುಕರಿಗೆ ಅರುಳುಮರುಳು ಎಂದುಕೊಂಡೆ. ವರಲಕ್ಷ್ಮಮ್ಮನವರ ವಿಷಯ ಕೇಳಿದೆ. ಅದು ಅವರಿಗೆ ನಿನ್ನೆ ನಡೆದ ಹಾಗೆ ನೆನಪಿದೆ. ಮಾರಮ್ಮನ ಗುಡಿ ಮುಂದೆ ಮುಡಿ ತೆಗೆದದ್ದು, ಮಗು ಕ್ಷೌರಿಕನ ಕೈ ಕಚ್ಚಿದ್ದು, ಕದಿರಮ್ಮ ಸೆರಗೊಡ್ಡಿ ರಾಗಿ ಈಸಿಕೊಂಡು, "ಇವತ್ತಿಗೆ ನಿನ್ನ ಮಗಳು ನಿನಗೆ" ಎಂದು ತಾಯಿಯ ಮಡಿಲಿಗೆ ಕೊಟ್ಟದ್ದು, ಎಲ್ಲ ಹೇಳಿದರು. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷ. ನಿಂತಿದ್ದ ನಿನ್ನ ಮದುವೆಗೆ ದಾರಿಯಾಯಿತು ಅಂದುಕೊಂಡೆ.

ನಾವು ಎದ್ದಾಗ ಅವರು ತಲೆ ಕೆರೆದುಕೊಂಡು, "ಆಮ್ಯಾಕೆ ರಾಯಕೋಟೆ ಹತ್ರ ಒಂದು ಕೂಸಿನ ವಿಷ್ಯದಲ್ಲಿ ದೊಡ್ಡ ಗಲಾಟೆ ಆಯ್ತು ಕಣಮ್ಮ. ಬಿಡಿಸ್ಕೊಳ್ಳೋ ವಿಷ್ಯನೇ. ಪಂಚಾಯ್ತಿ ಸೇರಿತ್ತು. ಅದಾದ ಮ್ಯಾಲೆ ಕದಿರವ್ವ ಈ ಸೀಮೆನೇ ಬುಟ್ಟೋದ್ಲು. ರಾಮಕೃಷ್ಣಪ್ಪನ ಮನೇಲಿ ಕೇಳಿ, ಅವರಿಗೆ ಗೊತ್ತು" ಅಂದರು. ಮಾದೇಶ, "ಸಾಕು ನಡಿಯಕ್ಕ, ಬೇಕಾದ್ದು ಸಿಕ್ತಲ್ಲ" ಅಂದ. ನಾನೇ ಕೇಳಲಿಲ್ಲ. ನಾಳೆ ಯಾರಾದರೂ ಆ ಗಲಾಟೆ ವರಲಕ್ಷ್ಮಮ್ಮನದೇ ಅಂದುಬಿಟ್ಟರೆ? ಮಂಟಪದಲ್ಲಿ ಎದ್ದು ನಿಂತು ಹೇಳುವ ಪುಣ್ಯಾತ್ಮರು ನಮ್ಮ ನೆಂಟರಲ್ಲಿ ಕಡಿಮೆಯೇ? ಹೋಗೋಣ ಅಂದೆ. ಅಮ್ಮನೂ ಹೋಗೋಣ ಅಂದಳು, ಅವಳ ಕಾರಣವೇ ಬೇರೆ. "ನಮ್ಮವ್ವನ ಮ್ಯಾಲೆ ಪಂಚಾಯ್ತಿ ಮಾಡಿದೋರ ಮಖ ನೋಡ್ಬೇಕು" ಅಂದಳು.

ರಾಯಕೋಟೆಯಲ್ಲಿ ಟೊಮೇಟೊ ಮಂಡಿ ದಾಟಿ ಒಂದು ಹಳ್ಳಿ. ರಾಮಕೃಷ್ಣಪ್ಪನವರನ್ನು ಕಂಡೆವು. ಆ ಗಲಾಟೆ ವರಲಕ್ಷ್ಮಮ್ಮನದಲ್ಲ, ಬೇರೆ ಮಗುವಿನದು. ಇಲ್ಲಿಗೆ ಇಷ್ಟು ಸಾಕು.

ಮಾರನೆಯ ದಿನವೇ ವರಲಕ್ಷ್ಮಮ್ಮನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಮುನಿಯಲ್ಲಪ್ಪನವರ ಜೊತೆ ಫೋನಿನಲ್ಲೂ ಮಾತಾಡಿಸಿದೆ. ಚಂದ್ರಲೇಖಾ ನನ್ನನ್ನು ತಬ್ಬಿಕೊಂಡಳು. ಹರಿಕೃಷ್ಣ ಶಿಫ್ಟಿಗೆ ಹೊರಟವನು ಹೆಲ್ಮೆಟ್ ಹಾಕಿಕೊಂಡೇ ಕಾಲಿಗೆ ಬಿದ್ದ, ಅದು ನನ್ನ ಮಂಡಿಗೆ ತಗುಲಿ ಇನ್ನೂ ನೋಯುತ್ತಿದೆ. ವರಲಕ್ಷ್ಮಮ್ಮ ಮಾತ್ರ, "ಹಂಗಾದ್ರೆ ನಾನು ಆಕೆ ಮಗಳಲ್ಲ ಅನ್ನು. ವಾಪಸ್ ಕೊಟ್ಬುಟ್ಟಿದ್ಲು" ಅಂದರು. ಆಮೇಲೆ ಕಣ್ಣೊರೆಸಿಕೊಂಡು, "ಒಳ್ಳೇದೇ ಆಯ್ತು, ಮಕ್ಳು ಚೆನ್ನಾಗಿರ್ಲಿ. ಆ ಫೋಟೋದ್ದು ಒಂದು ಕಾಪಿ ಮಾಡಿಸ್ಕೊಡಮ್ಮ" ಅಂದರು. ಶ್ರಾವಣದಲ್ಲಿ ಮುಹೂರ್ತ ನೋಡಲು ಹೇಳಿದ್ದಾರೆ. ಹೀಗೆ ನಿನ್ನ ಮದುವೆ ನಡೆಯುತ್ತದೆ ಮಗಳೇ. ಹಾಸ್ಟೆಲಿನಲ್ಲಿ ಕಿರುಚಬೇಡ.

ಇಷ್ಟು ಬರೆದ ಮೇಲೆ ನನಗೆ ಹಗುರವಾಗಬೇಕಿತ್ತು, ಆಗಿಲ್ಲ. ಕದಿರಮ್ಮಜ್ಜಿ ಎಂಥವಳು ಎಂದು ಹುಡುಕಿಕೊಂಡು ಹೋದವಳು ನಾನು. ಹೋಗುವ ಮುಂಚೆ ನನಗೆ ಅವಳು ಚೆನ್ನಾಗಿ ಗೊತ್ತಿದ್ದಳು. ಈಗ ಗೋಡೆಯ ಮೇಲಿನ ಫೋಟೋ ನೋಡಿದರೆ ಯಾರಿವಳು ಎಂದು ನನಗೇ ದಿಗಿಲಾಗುತ್ತದೆ.

ನೀನು ರಜೆ ಹಾಕಿ ಬೇಗ ಬಾ. ಮದುವೆಯ ಹೆಣ್ಣು, ಬಿಸಿಲಲ್ಲಿ ತಿರುಗಬೇಡ. ದೇವರು ನಿನ್ನ ಮಡಿಲು ತುಂಬಿಸಲಿ, ನಿನ್ನ ಮನೆಯ ಬಾಗಿಲಲ್ಲಿ ಯಾವತ್ತೂ ದುಃಖದ ನೆರಳು ನಿಲ್ಲದಿರಲಿ. ನಿಮ್ಮಪ್ಪನ ಆಶೀರ್ವಾದವೂ ಇದರಲ್ಲೇ ಸೇರಿದೆ.

ನಿನ್ನ ಅಮ್ಮ,
ನಾಗವೇಣಿ

ಮರುಬರಹ: ಮರೆತು ಕೊನೆಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಇದನ್ನು ಓದಿ ಅಜ್ಜಿಗೆ ಫೋನ್ ಮಾಡಿ ಏನೂ ಕೇಳಬೇಡ.

ರಾಮಕೃಷ್ಣಪ್ಪನವರು ನಮ್ಮಮ್ಮನಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಜಗುಲಿಯ ಮೇಲೆ ಕೂತಿದ್ದರು. ನಾವು ಕದಿರಮ್ಮನ ಕಡೆಯವರು ಎಂದು ಹೇಳುತ್ತಲೇ ಅವರು ಕೇಳಿದ್ದು ಒಂದೇ ಮಾತು: "ಆ ಕೂಸು ಬದುಕೈತಾ?"

"ಯಾವ ಕೂಸು?" ಅಂದೆ.

"ನಮ್ಮ ಪಿಳ್ಳಿ. ನನ್ನ ತಂಗಿ" ಅಂದರು. ಅಮ್ಮ ಆಗ ತಾನೇ ಓಮ್ನಿಯಿಂದ ಇಳಿದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು.

ಪಿಳ್ಳಿ ಅವರ ತಾಯಿಗೆ ಎರಡು ಕೂಸು ಹೋದ ಮೇಲೆ ಹುಟ್ಟಿದವಳು. ಕದಿರಮ್ಮ ಮೊರದಲ್ಲಿ ಕೊಂಡಳು. ಹೆತ್ತವಳಿಗೆ ಬಾಣಂತಿ ಜ್ವರ ಬಂದು ಹಾಲು ಬತ್ತಿತು, ಮಗುವನ್ನು ಕದಿರಮ್ಮ ತನ್ನ ಮನೆಗೆ ಒಯ್ದು ಮೇಕೆ ಹಾಲಿನಲ್ಲಿ ಸಾಕಿದಳು. ಹೆತ್ತವಳು ಚೇತರಿಸಿಕೊಂಡು ರಾಗಿ, ಸೀರೆ ತಗೊಂಡು ಹೋದರೆ, "ಇನ್ನೂ ಗಟ್ಟಿಯಾಗ್ಲಿ" ಎಂದು ಕದಿರಮ್ಮ ಅಂದಳಂತೆ. ಮತ್ತೆ ಹೋದರೆ, "ಮುಂದಿನ ತಿಂಗಳು ಬಾ" ಅಂದಳಂತೆ. ಪಂಚಾಯ್ತಿಯವರು ಕೊಟ್ಟುಬಿಡು ಅಂದರು. ಸಂತೆಯ ದಿನ ಊರೆಲ್ಲ ರಾಯಕೋಟೆಗೆ ಹೋಗಿದ್ದಾಗ ಮಗುವನ್ನೆತ್ತಿಕೊಂಡು ಹೊರಟುಹೋದಳು. ಎಷ್ಟೋ ದಿನದ ಮೇಲೆ ತಂದೆ ಹುಡುಕಿಕೊಂಡು ಬೇರಿಕೆಗೆ ಬಂದರಂತೆ. ಮಗು ಅವಳ ತೊಡೆಯ ಮೇಲೆ ಕೂತು ಮುದ್ದೆ ತಿನ್ನುತ್ತಾ ಅವ್ವ, ಅವ್ವ ಅನ್ನುತ್ತಿತ್ತು. ಬೇಲಿಯಾಚೆಯಿಂದ ನೋಡಿ ಹಾಗೇ ತಿರುಗಿ ಬಂದು, ಹೆಂಡತಿಗೆ ಸಿಗಲಿಲ್ಲ ಎಂದು ಹೇಳಿದರು. ನಿಜವನ್ನು ಮಗನಿಗೆ ಹೇಳಿದ್ದು ಸಾಯುವಾಗ.

"ನಮ್ಮವ್ವ ಬದುಕಿರೋಗಂಟ ಸಂತೆಗೆ ಹೋದ್ರೆ ಸಾಮಾನು ನೋಡ್ತಿರ್ಲಿಲ್ಲ, ಬೇರೆಯೋರ ಕಂಕುಳ ಕೂಸು ನೋಡ್ತಿದ್ಲು" ಅಂದರು ರಾಮಕೃಷ್ಣಪ್ಪ. "ಬಿಡಿಸ್ಕೊಳ್ಳೋಕೆ ತಂದಿದ್ದ ಆ ಸೀರೇನ ಉಡ್ಲಿಲ್ಲ, ಯಾರಿಗೂ ಕೊಡ್ಲಿಲ್ಲ. ಸತ್ತಾಗ ಅದನ್ನೇ ಹೊದಿಸಿದ್ವಿ."

ಆಮೇಲೆ ಸೊಸೆಯನ್ನು ಕೂಗಿ ಮೊರ ತುಂಬ ರಾಗಿ ತರಿಸಿದರು. ಅದನ್ನು ಹಿಡಿದು ಅಮ್ಮನ ಮುಂದೆ ನಿಂತರು. "ಮಾರಿದೋಳಿಲ್ಲ, ಕೊಂಡೋಳೂ ಇಲ್ಲ. ಈಸ್ಕೊಳ್ಳೋಕೆ ಆಕೆ ಕಡೆಯಿಂದ ಇರೋಳು ನೀನೊಬ್ಬಳೇ. ಸೆರಗೊಡ್ಡಮ್ಮ. ನಮ್ಮವ್ವನ ಮಗಳಾಗಿ ಒಂದ್ಸಾರಿ ಮನೆಯೊಳಕ್ಕೆ ಬಾ" ಅಂದರು.

ಅಮ್ಮ ಸೆರಗೊಡ್ಡಲಿಲ್ಲ. ಬೇಡ ಅನ್ನಲೂ ಇಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಆ ಹಿರಿಯರ ಕೈ ಸೋಲುವುದನ್ನು ನೋಡಲಾರದೆ ಮಾದೇಶ ರಾಗಿಯನ್ನು ಒಂದು ಚೀಲಕ್ಕೆ ಸುರಿದುಕೊಂಡು ಓಮ್ನಿಯಲ್ಲಿಟ್ಟ.

ವಾಪಸ್ ಬರುವಾಗ ಕೆಳಮಂಗಲ ದಾಟುವವರೆಗೂ ಅವಳು ಸೆರಗಿನ ಆ ತುದಿಯನ್ನೇ ಮಡಚಿ ಬಿಚ್ಚಿ ಮಾಡುತ್ತಿದ್ದಳು. ಆಮೇಲೆ, "ಎಲ್ಲರ ಮಕ್ಳನ್ನೂ ವಾಪಸ್ ಕೊಟ್ಟೋಳು ನನ್ನನ್ಯಾಕೆ ಕೊಡ್ಲಿಲ್ಲ ನಾಗೂ?" ಅಂದಳು. "ಪ್ರೀತಿ ಅಮ್ಮ, ನಿನ್ನ ಬಿಟ್ಟಿರೋಕೆ ಆಗ್ಲಿಲ್ಲ" ಅಂದೆ. "ಸಂತೇಲಿ ಹುಡುಕ್ತಿದ್ದೋಳಿಗೆ ಬಿಟ್ಟಿರೋಕೆ ಆಯ್ತಾ?" ಅಂದಳು. ಒಂದು ಸಲ ಕದಿರಮ್ಮಜ್ಜಿಯ ಮೇಲೆ ಕೆಂಡದಂಥ ಸಿಟ್ಟು ಬರುತ್ತದೆ. ಅವಳು ಕೊಟ್ಟುಬಿಟ್ಟಿದ್ದರೆ ಅಮ್ಮನಿಗೆ ಆ ಅವ್ವ ಇರುತ್ತಿರಲಿಲ್ಲವಲ್ಲ ಎಂದು ಮರುಗಳಿಗೆಯಲ್ಲೇ ಅನ್ನಿಸುತ್ತದೆ.

ಆ ಚೀಲ ಇನ್ನೂ ಓಮ್ನಿಯ ಹಿಂದೆಯೇ ಇದೆ. ಮಾದೇಶ ಗುಲಾಬಿ ಬುಟ್ಟಿಗಳನ್ನು ಅದರ ಪಕ್ಕಕ್ಕೆ ಸರಿಸಿಟ್ಟುಕೊಂಡು ಹೊಸೂರಿಗೆ ಓಡಾಡುತ್ತಿದ್ದಾನೆ. ಬಂದಾಗಲೆಲ್ಲ, "ಅಮ್ಮ, ರಾಗಿ ಇಳಿಸ್ಲಾ, ಇಲ್ಲ ವಾಪಸ್ ಕೊಟ್ಬರ್ಲಾ?" ಎಂದು ಕೇಳುತ್ತಾನೆ. ಅಮ್ಮ ಹೊರಗೆ ಬಂದು ಚೀಲವನ್ನು ಮುಟ್ಟಿ ನೋಡಿ, "ಇವತ್ತು ಬ್ಯಾಡ ಕಣ್ಲಾ" ಎಂದು ಒಳಗೆ ಹೋಗುತ್ತಾಳೆ.